ನಾರ್ಫೋಕ್‌ನ ಗುಂಡಿಗಳು: ಒಂದು ಇಂಗ್ಲಿಷ್ ಕೌಂಟಿಯ ನೆಲ ರೂಪುಗೊಂಡ ಬಗೆ

ಇಂಗ್ಲೆಂಡಿನ ಪೂರ್ವದಲ್ಲಿ, ಉತ್ತರ ಸಮುದ್ರದ ಅಂಚಿಗೆ ಇರುವ ನಾರ್ಫೋಕ್ ಕೌಂಟಿಯ ವಿಸ್ತೀರ್ಣ ಸುಮಾರು 5,370 ಚದರ ಕಿಲೋಮೀಟರ್. ಅಲ್ಲಿನ ಅತಿ ಎತ್ತರದ ಜಾಗವೂ ಸಮುದ್ರಮಟ್ಟಕ್ಕಿಂತ ನೂರು ಮೀಟರಿನಷ್ಟೇ ಮೇಲಿದೆ. ಬೆಟ್ಟಗಳಿಲ್ಲ, ರಭಸದ ಹೊಳೆಗಳಿಲ್ಲ, ಮನೆ ಕಟ್ಟಲು ಒಳ್ಳೆಯ ಕಲ್ಲೂ ಸಿಗುವುದಿಲ್ಲ. ಇಂಥ ನೆಲದ ಚರಿತ್ರೆ ಬರೆದವರು ಬಹುಕಾಲ ಎರಡು ಸುಲಭದ ಉತ್ತರಗಳನ್ನು ನೆಚ್ಚಿಕೊಂಡಿದ್ದರು. ಕೆರೆ, ಜೌಗು, ಮರಳುಬಯಲು ಕಂಡಲ್ಲಿ ಅದು ನಿಸರ್ಗದ ಕೆಲಸ ಎಂದರು. ಅಚ್ಚುಕಟ್ಟಾದ ಹೊಲ, ಬೇಲಿ, ತೋಪು ಕಂಡಲ್ಲಿ ಅದು ಹದಿನೆಂಟನೇ ಶತಮಾನದ ದೊಡ್ಡ ಜಮೀನ್ದಾರರ ಕೆಲಸ ಎಂದರು. ಕಳೆದ ಎಪ್ಪತ್ತು ವರ್ಷಗಳ ಸಂಶೋಧನೆಯನ್ನು ಒಟ್ಟಿಗೆ ಇಟ್ಟುಕೊಂಡು ಓದಿದರೆ ಈ ಎರಡು ಉತ್ತರಗಳೂ ನಿಲ್ಲುವುದಿಲ್ಲ. ನಾರ್ಫೋಕ್‌ನ ನೆಲಕ್ಕೆ ಇಂದಿನ ರೂಪ ಬರುವಲ್ಲಿ ಬಹುದೊಡ್ಡ ಪಾಲು ಅಗೆತದ್ದು. ಉರುವಲಿಗಾಗಿ, ಕಲ್ಲಿಗಾಗಿ, ಹೊಲದ ಸಾರಕ್ಕಾಗಿ, ನೀರು ಬಸಿದುಹೋಗಲೆಂದು ಅಗೆದದ್ದು. ಅಗೆದವರ ಹೆಸರುಗಳು ಹೆಚ್ಚಾಗಿ ಉಳಿದಿಲ್ಲ. ಅವರು ತೋಡಿದ ಗುಂಡಿಗಳು ಉಳಿದಿವೆ. ಆ ಗುಂಡಿಗಳನ್ನೇ ದಾಖಲೆಗಳೆಂದು ಓದಬೇಕು ಎಂಬುದು ಈ ಟಿಪ್ಪಣಿಯ ವಾದ.

ಮೊದಲು ಬ್ರಾಡ್ಸ್ ಪ್ರದೇಶವನ್ನು ತೆಗೆದುಕೊಳ್ಳೋಣ, ಏಕೆಂದರೆ ಸಾಕ್ಷ್ಯ ಅತ್ಯಂತ ಗಟ್ಟಿಯಾಗಿರುವುದು ಅಲ್ಲಿ. ಕೌಂಟಿಯ ಪೂರ್ವಭಾಗದಲ್ಲಿ ಬ್ಯೂರ್, ಯೇರ್, ವೇವ್ನಿ, ಆಂಟ್, ಥರ್ನ್ ಎಂಬ ಐದು ಮಂದಗತಿಯ ನದಿಗಳು ಗ್ರೇಟ್ ಯಾರ್ಮತ್ ಬಂದರಿನ ಕಡೆಗೆ ಸಾಗುತ್ತವೆ. ಅವುಗಳ ಕಣಿವೆಗಳಲ್ಲಿ ಹಿಕ್ಲಿಂಗ್, ಬಾರ್ಟನ್, ರಾನ್ವರ್ತ್, ರಾಕ್ಸಮ್ ಮೊದಲಾದ ಹತ್ತಾರು ಕೆರೆಗಳಿವೆ. ಅಲ್ಲಿಯವರು ಇವನ್ನು ಬ್ರಾಡ್ ಎನ್ನುತ್ತಾರೆ. ದಂಡೆಯುದ್ದಕ್ಕೂ ಆಳೆತ್ತರದ ಜೊಂಡು, ಅದರ ಹಿಂದೆ ಆಲ್ಡರ್ ಮರಗಳ ಜೌಗು ಕಾಡು. ಬ್ರಿಟನ್ನಿನ ಸ್ವಾಲೋಟೇಲ್ ಚಿಟ್ಟೆ ನೆಲೆನಿಂತು ಸಂತಾನ ಬೆಳೆಸುವುದು ಈ ಜೌಗಿನಲ್ಲಿ ಮಾತ್ರ. ಇಡೀ ಇಂಗ್ಲೆಂಡಿನಲ್ಲಿ ಇದಕ್ಕಿಂತ ಸಹಜವಾಗಿ ಕಾಣುವ ಜಾಗ ಸಿಗುವುದು ಕಷ್ಟ.

ಭೂವಿಜ್ಞಾನಿಗಳೂ ಇದನ್ನು ಸಹಜವೆಂದೇ ನಂಬಿದ್ದರು. ರೋಮನ್ನರ ಕಾಲದಲ್ಲಿ ಈ ಕಣಿವೆಗಳ ಕೆಳಭಾಗ ವಿಶಾಲವಾದ ಅಳಿವೆಯಾಗಿತ್ತು. ಆ ಅಳಿವೆಯನ್ನು ಕಾಯಲು ಕಟ್ಟಿದ ಎರಡು ರೋಮನ್ ಕೋಟೆಗಳು, ಬರ್ಗ್ ಕಾಸಲ್ ಮತ್ತು ಕೇಸ್ಟರ್, ಈಗ ಒಣನೆಲದಲ್ಲಿ ನಿಂತಿವೆ. ಕಡಲು ಹಿಂದೆ ಸರಿದಾಗ ಜೇಡಿಮಣ್ಣು ಪಕ್ಕದ ಕಣಿವೆಗಳ ಬಾಯಿ ಕಟ್ಟಿತು, ಒಳಗೆ ಉಳಿದ ನೀರೇ ಬ್ರಾಡ್ ಆಯಿತು ಎಂಬುದು ವಿವರಣೆ. ಭೂರೂಪವಿಜ್ಞಾನಿ ಜೆ. ಎನ್. ಜೆನಿಂಗ್ಸ್ ಕಣಿವೆಗಳಿಗೆ ಅಡ್ಡಲಾಗಿ ನೆಲ ಕೊರೆದು, ಪದರಗಳನ್ನು ಪರೀಕ್ಷಿಸಿ, 1952ರಲ್ಲಿ ಪ್ರಕಟಿಸಿದ ಪ್ರಬಂಧವೂ ಸಹಜ ಮೂಲವನ್ನೇ ಎತ್ತಿಹಿಡಿಯಿತು. ಅದು ಶ್ರದ್ಧೆಯ ಕೆಲಸ. ಅದರ ಮಿತಿ ಇದ್ದದ್ದು ಒಂದೇ ಕಡೆ: ಕೊರೆದ ತೂತುಗಳ ನಡುವಿನ ಅಂತರ ಹೆಚ್ಚಾಗಿತ್ತು.

ಅದೇ ಹೊತ್ತಿಗೆ ಸಸ್ಯವಿಜ್ಞಾನಿ ಜಾಯ್ಸ್ ಲ್ಯಾಂಬರ್ಟ್ ಅದೇ ಕಣಿವೆಗಳಲ್ಲಿ ಬೇರೊಂದು ಪ್ರಶ್ನೆ ಹಿಡಿದು ಕೆಲಸ ಮಾಡುತ್ತಿದ್ದರು. ನೀರು ಜೊಂಡಾಗಿ, ಜೊಂಡು ಕಾಡಾಗಿ ಹೇಗೆ ಬದಲಾಗುತ್ತದೆ ಎಂಬುದು ಅವರ ಆಸಕ್ತಿ. ಅದಕ್ಕಾಗಿ ಅವರು ಕೈಬೈರಿಗೆಯಿಂದ ಬಹಳ ಹತ್ತಿರ ಹತ್ತಿರದಲ್ಲಿ ನೆಲ ಕೊರೆದರು. ಆಗ ಕಂಡ ಚಿತ್ರ ಹಿಂದಿನ ವಿವರಣೆಗೆ ಹೊಂದಲಿಲ್ಲ. ಕೆರೆಯ ಅಂಚಿನಲ್ಲಿ ಪೀಟ್ ಪದರ ಇಳಿಜಾರಾಗಿ ತೆಳುವಾಗುತ್ತಿರಲಿಲ್ಲ, ಕತ್ತರಿಸಿದ ಗೋಡೆಯಂತೆ ನೆಟ್ಟಗೆ ನಿಂತುಬಿಡುತ್ತಿತ್ತು. ಪೀಟ್ ಎಂದರೆ ನೀರಿನಡಿ ಪೂರ್ತಿ ಕೊಳೆಯದೆ ಸಾವಿರಾರು ವರ್ಷ ಒತ್ತಿಕೊಂಡ ಸಸ್ಯಗಳ ಕಪ್ಪು ಪದರ, ಒಣಗಿಸಿದರೆ ಉರಿಯುತ್ತದೆ. ಆ ಗೋಡೆಯ ಬುಡದಲ್ಲಿ ಕೆರೆಯ ತಳ ಸಮತಟ್ಟಾಗಿತ್ತು. ತಳದ ಮೇಲೆ ಅಲ್ಲಲ್ಲಿ ಅಗೆಯದೆ ಬಿಟ್ಟ ಪೀಟ್‌ನ ಕಿರಿದಾದ ಬದುಗಳು ಸಾಲಾಗಿ, ಒಂದಕ್ಕೊಂದು ಸಮಾನಾಂತರವಾಗಿ ಓಡುತ್ತಿದ್ದವು. ಹತ್ತೊಂಬತ್ತನೇ ಶತಮಾನದ ಚರ್ಚ್ ತೆರಿಗೆಯ ನಕ್ಷೆಗಳ ಜೊತೆ ಹೋಲಿಸಿದಾಗ ಈ ಬದುಗಳು, ಅವುಗಳ ಮೇಲಿನ ಉದ್ದುದ್ದನೆಯ ದ್ವೀಪಗಳು ಹಳೆಯ ಹಿಡುವಳಿಗಳ ಮತ್ತು ಪ್ಯಾರಿಷ್‌ಗಳ ಎಲ್ಲೆಗಳಿಗೆ ತಾಳೆಯಾದವು. ನದಿಯಾಗಲಿ ಕಡಲಾಗಲಿ ಒಕ್ಕಲುಗಳ ಎಲ್ಲೆ ನೋಡಿಕೊಂಡು ನೆಲ ಕೊರೆಯುವುದಿಲ್ಲ.

ಕಾಲ ನಿರ್ಣಯಕ್ಕೂ ಅದೇ ಪದರಗಳು ನೆರವಾದವು. ಕೆಲವು ಬ್ರಾಡ್‌ಗಳ ಅಂಚಿನಲ್ಲಿ ಪೀಟ್‌ನ ಮೇಲೆ ರೋಮನ್ ಕಾಲದ ಅಳಿವೆಯ ಜೇಡಿಮಣ್ಣು ಹರಡಿದೆ. ಗೋಡೆ ಆ ಜೇಡಿಯನ್ನೂ ಕಡಿದುಕೊಂಡು ಕೆಳಗಿಳಿದಿದೆ. ಅಂದರೆ ಅಗೆತ ರೋಮನ್ನರ ಕಾಲದ ನಂತರದ್ದು. ಅಗೆದವರು ಮೇಲಿನ ಸಡಿಲ ಪದರಕ್ಕೆ ತೃಪ್ತರಾಗಲಿಲ್ಲ. ಮರದ ತುಂಡು, ಬೇರುಗಳಿಂದ ದಟ್ಟವಾಗಿದ್ದ ಕೆಳಗಿನ ಪೀಟ್ ಹೆಚ್ಚು ಹೊತ್ತು ಉರಿಯುತ್ತಿದ್ದುದರಿಂದ ಅದನ್ನು ಹುಡುಕಿಕೊಂಡು ಮೂರು ನಾಲ್ಕು ಮೀಟರ್ ಆಳಕ್ಕೆ ಹೋದರು.

1960ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಪ್ರಕಟಿಸಿದ ಅಂತಿಮ ಪ್ರಬಂಧಕ್ಕೆ ಐವರು ಲೇಖಕರು. ಲ್ಯಾಂಬರ್ಟ್ ಜೊತೆಗೆ ಚಾರಿತ್ರಿಕ ಭೂಗೋಳದ ಸಿ. ಟಿ. ಸ್ಮಿತ್, ಪುರಾತತ್ತ್ವದ ಚಾರ್ಲ್ಸ್ ಗ್ರೀನ್, ಎಂಜಿನಿಯರಿಂಗ್ ಲೆಕ್ಕಾಚಾರಕ್ಕೆ ಜೆ. ಎನ್. ಹಚಿನ್ಸನ್. ಐದನೆಯವರು ಜೆನಿಂಗ್ಸ್ ಅವರೇ. ಎಂಟು ವರ್ಷ ಹಿಂದೆ ತಾವು ಪ್ರಕಟಿಸಿದ ತೀರ್ಮಾನವನ್ನು ಅಳಿಸಿಹಾಕುವ ಗ್ರಂಥಕ್ಕೆ ಅವರು ಹೆಸರು ಸೇರಿಸಿದರು. ನನ್ನ ಮಟ್ಟಿಗೆ ಈ ಗ್ರಂಥದ ಗೌರವ ಅರ್ಧ ಅದರ ಸಾಕ್ಷ್ಯಗಳಿಂದ ಬಂದದ್ದು, ಅರ್ಧ ಈ ಸಹಿಯಿಂದ ಬಂದದ್ದು.

ಸ್ಮಿತ್ ಅವರ ಪಾಲು ದಾಖಲೆಗಳದು. ಮಧ್ಯಯುಗದಲ್ಲಿ ಈ ಭಾಗದ ಭೂಮಿಯ ಬಹುಪಾಲು ನಾರಿಚ್ ಕೆಥೆಡ್ರಲ್‌ನ ಮಠ, ಬ್ಯೂರ್ ದಂಡೆಯ ಸೇಂಟ್ ಬೆನೆಟ್ ಮಠ ಮೊದಲಾದವುಗಳ ಕೈಯಲ್ಲಿತ್ತು. ಮಠಗಳು ಲೆಕ್ಕ ಬರೆದಿಡುತ್ತಿದ್ದವು. ನಾರಿಚ್ ಮಠದ ಅಡಿಗೆಮನೆಯೊಂದಕ್ಕೇ ವರ್ಷಕ್ಕೆ ಸುಮಾರು 4 ಲಕ್ಷ ಪೀಟ್ ಹೆಂಟೆ ಬೇಕಾಗುತ್ತಿತ್ತು ಎಂಬುದು ಆ ಕಡತಗಳಿಂದ ತಿಳಿಯುತ್ತದೆ. ಊರೂರಿನ ಲೆಕ್ಕಗಳಲ್ಲಿ ಪೀಟ್ ಮಾರಾಟದ ಆದಾಯ ಹದಿಮೂರನೇ ಶತಮಾನದಲ್ಲಿ ಉಚ್ಚಸ್ಥಿತಿಯಲ್ಲಿದೆ. ಬ್ರಾಡ್‌ಗಳಿಂದ ಒಟ್ಟು ತೆಗೆದ ಪೀಟ್ ಸುಮಾರು 90 ಕೋಟಿ ಘನ ಅಡಿ, ಅಂದರೆ ಎರಡೂವರೆ ಕೋಟಿ ಘನ ಮೀಟರ್. ಮೊದಲಿಗೆ ಕೇಳಿದರೆ ನಂಬಲಾಗದ ಮೊತ್ತ. ಆದರೆ ಮೂರು ಶತಮಾನಗಳಿಗೆ, ಹತ್ತಾರು ಊರುಗಳಿಗೆ ಹಂಚಿದರೆ ಅದು ಒಕ್ಕಲುಗಳು ಬೇಸಿಗೆಯ ಕೆಲವು ವಾರ ಮಾಡಬಲ್ಲ ಕೆಲಸವೇ ಆಗುತ್ತದೆ. ಈ ಲೆಕ್ಕವೇ ವಾದವನ್ನು ಗೆಲ್ಲಿಸಿತು.

ಇಷ್ಟೊಂದು ಉರುವಲು ಏಕೆ ಬೇಕಾಯಿತು? 1086ರ ಡೂಮ್ಸ್‌ಡೇ ದಾಖಲೆಯ ಪ್ರಕಾರ ನಾರ್ಫೋಕ್ ಇಂಗ್ಲೆಂಡಿನ ಅತಿ ದಟ್ಟ ಜನವಸತಿಯ ಕೌಂಟಿಗಳಲ್ಲಿ ಒಂದು. ಅದರಲ್ಲೂ ಪೂರ್ವಭಾಗ ಫಲವತ್ತಾದ ಮಣ್ಣಿನದು, ಆದ್ದರಿಂದ ಕಾಡು ಆ ಹೊತ್ತಿಗೇ ಬಹುಮಟ್ಟಿಗೆ ಹೊಲವಾಗಿತ್ತು. ಸೌದೆ ಇಲ್ಲ. ನಾರಿಚ್ ದೇಶದ ದೊಡ್ಡ ನಗರಗಳಲ್ಲಿ ಒಂದಾಗಿ ಬೆಳೆಯುತ್ತಿದೆ. ಯಾರ್ಮತ್ ಕಡೆಯ ಉಪ್ಪಿನ ಒಲೆಗಳೂ ಉರಿಯಬೇಕು. ಕಾಲಡಿಯಲ್ಲಿ ಪೀಟ್ ಇತ್ತು, ಅದನ್ನು ದೋಣಿಯಲ್ಲಿ ಸಾಗಿಸಲು ನದಿಗಳಿದ್ದವು.

ಆಗ ನೆಲಕ್ಕೆ ಹೋಲಿಸಿದರೆ ಸಮುದ್ರಮಟ್ಟ ಈಗಿಗಿಂತ ಕೆಳಗಿತ್ತು, ಹಾಗಾಗಿ ನದಿಯ ಪಕ್ಕದಲ್ಲಿ ಒಂದು ಗೋಡೆಯಷ್ಟು ಪೀಟ್ ಬಿಟ್ಟು ಒಳಗೆ ಒಣಗುಂಡಿ ತೋಡುವುದು ಸಾಧ್ಯವಿತ್ತು. ಹದಿಮೂರನೇ ಶತಮಾನದ ಕೊನೆಯಿಂದ ಅದು ಕಷ್ಟವಾಯಿತು. 1287ರ ಡಿಸೆಂಬರ್‌ನ ಚಂಡಮಾರುತದಲ್ಲಿ ಕಡಲು ಒಳನುಗ್ಗಿತು. ಹಿಕ್ಲಿಂಗ್ ಒಂದರಲ್ಲೇ ಸುಮಾರು 180 ಜನ ಮುಳುಗಿದರೆಂದು ಸೇಂಟ್ ಬೆನೆಟ್ ಮಠದ ವೃತ್ತಾಂತ ಹೇಳುತ್ತದೆ. ಮುಂದೆ 1348-49ರ ಪ್ಲೇಗ್ ಬಂದು ಆಳುಗಳು ವಿರಳರಾದರು, ಕೂಲಿ ಏರಿತು. ನೀರು ಎತ್ತಿ ಎತ್ತಿ ಪೀಟ್ ತೆಗೆಯುವುದು ಗಿಟ್ಟದಾಯಿತು. ಇಲ್ಲಿಂದ ಮುಂದೆ ಮಠದ ಕಡತಗಳಲ್ಲಿ ಆಗುವ ಬದಲಾವಣೆ ಸಣ್ಣದು, ಆದರೆ ನಿರ್ಣಾಯಕ: ಪೀಟ್ ಆದಾಯದ ಬಾಬು ಕುಗ್ಗುತ್ತ ಹೋಗುತ್ತದೆ, ಅದೇ ಊರುಗಳಲ್ಲಿ ಮೀನುಗಾರಿಕೆಯ ಬಾಬು ಕಾಣಿಸಿಕೊಳ್ಳುತ್ತದೆ. ಗುಂಡಿ ಕೆರೆಯಾದ ಕ್ಷಣವನ್ನು ಗುಮಾಸ್ತರು ತಮಗರಿವಿಲ್ಲದೆ ಬರೆದಿಟ್ಟಿದ್ದಾರೆ. ಬಳಿಕ ಆ ಕೆರೆಗಳು ತೋಡಿದವೆಂಬ ನೆನಪು ವಿದ್ವತ್ತಿನಿಂದ ಎಷ್ಟು ಪೂರ್ತಿಯಾಗಿ ಅಳಿಯಿತೆಂದರೆ, ಅದನ್ನು ಮರಳಿ ಪಡೆಯಲು ಬೈರಿಗೆ ಬೇಕಾಯಿತು.

ನೈಋತ್ಯದ ಬ್ರೆಕ್‌ಲ್ಯಾಂಡ್‌ಗೆ ಬಂದರೆ ಅಗೆತದ ಚರಿತ್ರೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಇಲ್ಲಿ ತೆಳುವಾದ ಮರಳಿನ ಕೆಳಗೆ ಚಾಕ್ ಶಿಲೆ, ಆ ಶಿಲೆಯೊಳಗೆ ಚಕಮಕಿ ಕಲ್ಲಿನ ಸಾಲುಗಳು. ಗ್ರೈಮ್ಸ್ ಗ್ರೇವ್ಸ್ ಎಂಬಲ್ಲಿ ನೆಲ ಸಿಡುಬಿನ ಕಲೆಗಳಂತೆ ತಗ್ಗುತಗ್ಗಾಗಿದೆ. 1868-70ರಲ್ಲಿ ಪಾದ್ರಿ ವಿಲಿಯಂ ಗ್ರೀನ್‌ವೆಲ್ ಒಂದು ತಗ್ಗನ್ನು ತಳದವರೆಗೆ ಬಗೆದು ನೋಡಿದಾಗ ಅದು ನವಶಿಲಾಯುಗದ ಗಣಿಯೆಂದು ಗೊತ್ತಾಯಿತು. ಕ್ರಿ.ಪೂ. 2600ರ ಸುಮಾರಿನಿಂದ ಇಲ್ಲಿ ನಾನೂರಕ್ಕೂ ಹೆಚ್ಚು ಬಾವಿಗಳನ್ನು, ಕೆಲವನ್ನು ಹನ್ನೆರಡು ಮೀಟರಿಗೂ ಆಳವಾಗಿ, ಜಿಂಕೆಯ ಕೊಂಬನ್ನೇ ಗುದ್ದಲಿ ಮಾಡಿಕೊಂಡು ತೋಡಿದ್ದರು. ಮೇಲಿನ ಎರಡು ಸಾಲು ಕಲ್ಲನ್ನು ಬಿಟ್ಟು ಕೆಳಗಿನ ಮೂರನೇ ಸಾಲಿನ ಉತ್ತಮ ಕಲ್ಲಿಗಾಗಿಯೇ ಇಳಿದಿದ್ದಾರೆ. ಒಳ್ಳೆಯ ಸರಕು ಕೆಳಗಿದೆ ಎಂದು ತಿಳಿದು ಅಗೆಯುವ ಈ ಜಾಣ್ಮೆಗೂ ಬ್ರಾಡ್ಸ್‌ನ ಒಕ್ಕಲುಗಳ ಜಾಣ್ಮೆಗೂ ನಡುವೆ ನಾಲ್ಕು ಸಾವಿರ ವರ್ಷಗಳ ಹತ್ತಿರದ ಅಂತರ. ಚಕಮಕಿ ಕಲ್ಲು ಮುಂದೆ ಚರ್ಚ್‌ಗಳಿಗೂ ಒದಗಿತು. ಕೌಂಟಿಯಲ್ಲಿ ಉಳಿದಿರುವ ಆರುನೂರಕ್ಕೂ ಹೆಚ್ಚು ಮಧ್ಯಯುಗದ ಚರ್ಚ್‌ಗಳಲ್ಲಿ ನೂರಿಪ್ಪತ್ತರಷ್ಟಕ್ಕೆ ಗುಂಡನೆಯ ಗೋಪುರ ಇರುವುದಕ್ಕೆ, ಮೂಲೆಗೆ ಕೂರಿಸಲು ದಪ್ಪ ಕಲ್ಲು ಸಿಗದೆ ಇದ್ದದ್ದು ಒಂದು ಕಾರಣವೆಂದು ಹೇಳುತ್ತ ಬಂದಿದ್ದಾರೆ.

ಬ್ರೆಕ್‌ಲ್ಯಾಂಡ್‌ನ ಮರಳುಬಯಲು ಹಿಮಯುಗದ ಬಳುವಳಿ ಮಾತ್ರವಲ್ಲ. ಕಾಡು ಕಡಿದ ಮೇಲೆ ಅದನ್ನು ಬಯಲಾಗಿಯೇ ಉಳಿಸಿದ್ದು ಕುರಿ ಮತ್ತು ಮೊಲ. ನಾರ್ಮನ್ನರು ತಂದ ಮೊಲವನ್ನು ಮಧ್ಯಯುಗದಲ್ಲಿ ಮಾಂಸಕ್ಕೂ ತುಪ್ಪಳಕ್ಕೂ ಸಾಕುತ್ತಿದ್ದರು. ಥೆಟ್‌ಫರ್ಡ್ ಬಳಿ 1400ರ ಆಸುಪಾಸಿನಲ್ಲಿ ಕಾವಲುಗಾರರಿಗಾಗಿ ಕಟ್ಟಿದ ಗಟ್ಟಿಮುಟ್ಟಾದ ಮಾಳಿಗೆ ಮನೆ ಇಂದಿಗೂ ನಿಂತಿದೆ. 1953ರಲ್ಲಿ ಮಿಕ್ಸೊಮಟೋಸಿಸ್ ರೋಗ ಬ್ರಿಟನ್ನಿಗೆ ಬಂದು ಮೊಲಗಳು ಸತ್ತಾಗ ಬಯಲಿನ ಮೇಲೆ ಪೊದೆ ಏರತೊಡಗಿತು. ಅಷ್ಟರಲ್ಲಿ ಬಯಲಿನ ದೊಡ್ಡ ಭಾಗ ಬೇರೆ ರೂಪ ತಾಳಿಯೂ ಆಗಿತ್ತು. ಮೊದಲ ಮಹಾಯುದ್ಧದ ಮರದ ಅಭಾವದಿಂದ ಪಾಠ ಕಲಿತು 1919ರಲ್ಲಿ ಸ್ಥಾಪನೆಯಾದ ಅರಣ್ಯ ಆಯೋಗ 1922ರಿಂದ ಇಲ್ಲಿ ಪೈನ್ ನೆಟ್ಟಿತು. ಥೆಟ್‌ಫರ್ಡ್ ಅರಣ್ಯ ಇಂದು ಇಂಗ್ಲೆಂಡಿನ ಬಯಲು ಸೀಮೆಯ ಅತಿ ದೊಡ್ಡ ಪೈನ್ ಕಾಡು. 1942ರಲ್ಲಿ ಸೈನ್ಯದ ತಾಲೀಮಿಗೆಂದು ಟಾಟಿಂಗ್ಟನ್, ಸ್ಟ್ಯಾನ್‌ಫರ್ಡ್, ವೆಸ್ಟ್ ಟಾಫ್ಟ್ಸ್ ಮೊದಲಾದ ಊರುಗಳನ್ನು ತೆರವು ಮಾಡಿಸಿದರು. ಜನ ಮರಳಲಿಲ್ಲ.

ಇನ್ನು ಕೌಂಟಿಯ ನಡುಭಾಗ. ಇಲ್ಲಿ ಪ್ರಯಾಣಿಕರಿಗೆ ಎದ್ದು ಕಾಣುವುದು ಹೊಲಗಳ ನಡುವೆ ಒಂಟಿಯಾಗಿ ನಿಂತ ಚರ್ಚ್‌ಗಳು. ಊರು ಒಂದು ಮೈಲಿ ಆಚೆಗೆ ಇರುತ್ತದೆ. ಪ್ಲೇಗ್ ಬಂದು ಊರು ಹಾಳಾಯಿತು, ಚರ್ಚ್ ಉಳಿಯಿತು ಎಂಬ ಕಥೆ ಸಾಮಾನ್ಯವಾಗಿ ಕೇಳಿಬರುತ್ತದೆ. ಗಾಡ್ವಿಕ್, ಪುಡಿಂಗ್ ನಾರ್ಟನ್‌ನಂಥ ನಿಜವಾಗಿ ಹಾಳಾದ ಊರುಗಳೂ ನಾರ್ಫೋಕ್‌ನಲ್ಲಿವೆ, ಅಲ್ಲಿಯೂ ಕಾರಣ ಒಂದೇ ಅಲ್ಲ. ಆದರೆ ಬಹುಪಾಲು ಒಂಟಿ ಚರ್ಚ್‌ಗಳ ವಿಷಯದಲ್ಲಿ ಆ ಕಥೆ ತಪ್ಪೆಂದು ತೋರಿಸಿದವರು ಪುರಾತತ್ತ್ವಜ್ಞ ಪೀಟರ್ ವೇಡ್-ಮಾರ್ಟಿನ್ಸ್. ಲಾಂಡಿಚ್ ಎಂಬ ಹಳೆಯ ಹೋಬಳಿಯ ಊರುಗಳನ್ನು ಆಯ್ದುಕೊಂಡು, ಉತ್ತ ಹೊಲಗಳಲ್ಲಿ ನಡೆದಾಡಿ, ಮಡಕೆ ಚೂರುಗಳನ್ನು ಆಯ್ದು, ಅವು ಸಿಕ್ಕ ಜಾಗಗಳನ್ನು ನಕ್ಷೆಯ ಮೇಲೆ ಗುರುತಿಸಿದರು. 1980ರಲ್ಲಿ ಆ ಅಧ್ಯಯನ ಪ್ರಕಟವಾಯಿತು. ಎಂಟು, ಒಂಬತ್ತನೇ ಶತಮಾನದ ಇಪ್ಸ್‌ವಿಚ್ ಮಡಕೆಯ ಚೂರುಗಳು ಚರ್ಚ್‌ನ ಸುತ್ತ ಸಿಕ್ಕವು. ಹನ್ನೊಂದು, ಹನ್ನೆರಡನೇ ಶತಮಾನದವು ದೂರದ ಗೋಮಾಳದ ಅಂಚಿನಲ್ಲಿ ಸಾಲುಸಾಲಾಗಿ ಸಿಕ್ಕವು. ಜನ ಸತ್ತಿರಲಿಲ್ಲ. ಪ್ಲೇಗ್‌ಗೆ ಇನ್ನೂರು ವರ್ಷ ಮೊದಲೇ ಅವರು ಮನೆಗಳನ್ನು ಗೋಮಾಳದ ಕಡೆಗೆ ಸಾಗಿಸಿಕೊಂಡಿದ್ದರು.

ಏಕೆ ಹೋದರು ಎಂಬುದಕ್ಕೆ ಟಾಮ್ ವಿಲಿಯಮ್ಸನ್ ಮೊದಲಾದವರು ಕೊಡುವ ಉತ್ತರ ನನಗೆ ಒಪ್ಪಿಗೆಯಾಗುತ್ತದೆ. ಜನಸಂಖ್ಯೆ ಏರಿ ಹೊಲ ಹಬ್ಬಿದಂತೆ ಮೇವಿನ ನೆಲ ಕಡಿಮೆಯಾಯಿತು. ಉಳಿದ ಗೋಮಾಳದ ಮೇಲಿನ ಹಕ್ಕನ್ನು ಕಾಪಾಡಿಕೊಳ್ಳಬೇಕಾದರೆ ಅದರ ಬಾಗಿಲಲ್ಲೇ ಮನೆ ಇರಬೇಕು. ನಾರ್ಫೋಕ್‌ನಲ್ಲಿ ಇದು ಸಾಧ್ಯವಾದದ್ದಕ್ಕೆ ಸಾಮಾಜಿಕ ಕಾರಣವೂ ಇದೆ. ಡೂಮ್ಸ್‌ಡೇ ಕಾಲಕ್ಕೆ ಇಲ್ಲಿ ಸ್ವತಂತ್ರ ಒಕ್ಕಲುಗಳ ಸಂಖ್ಯೆ ಬಹಳ ಹೆಚ್ಚು. ಒಂದೇ ಊರಿನಲ್ಲಿ ಎರಡು, ಮೂರು ಒಡೆಯರಿರುವುದೂ ಸಾಮಾನ್ಯ. ಇಂಥಲ್ಲೇ ಮನೆ ಕಟ್ಟು ಎಂದು ತಾಕೀತು ಮಾಡುವಷ್ಟು ಗಟ್ಟಿ ಒಡೆಯ ಹೆಚ್ಚಿನ ಕಡೆ ಇರಲಿಲ್ಲ. ವಿಲಿಯಂ ಫೇಡನ್ 1797ರಲ್ಲಿ ಪ್ರಕಟಿಸಿದ ಕೌಂಟಿಯ ನಕ್ಷೆಯಲ್ಲಿ ಈ ಗೋಮಾಳಗಳು, ಅವುಗಳ ಅಂಚಿಗೆ ಮಣಿ ಪೋಣಿಸಿದಂತಿರುವ ಮನೆಗಳು ಸ್ಪಷ್ಟವಾಗಿ ಕಾಣುತ್ತವೆ. ಮುಂದಿನ ಕೆಲವೇ ದಶಕಗಳಲ್ಲಿ ಪಾರ್ಲಿಮೆಂಟಿನ ಕಾಯ್ದೆಗಳ ಮೂಲಕ ಅವುಗಳಲ್ಲಿ ಹೆಚ್ಚಿನವಕ್ಕೆ ಬೇಲಿ ಬಿದ್ದು ಖಾಸಗಿಯಾದವು. ಫೇಡನ್ ತಂಡ ಸರಿಯಾದ ಹೊತ್ತಿಗೆ ಅಳೆಯದೆ ಹೋಗಿದ್ದರೆ ಗೋಮಾಳಗಳ ನಾರ್ಫೋಕ್ ಹೀಗಿತ್ತೆಂದು ಒಟ್ಟಾಗಿ ನೋಡಲು ನಮಗೆ ಬೇರೆ ದಾರಿ ಇರುತ್ತಿರಲಿಲ್ಲ.

ಗೋಮಾಳದ ಜಗಳ ಹಳೆಯದು. ಪಶ್ಚಿಮ ನಾರ್ಫೋಕ್‌ನ ಹಗುರ ಮಣ್ಣಿನಲ್ಲಿ ಫೋಲ್ಡ್‌ಕೋರ್ಸ್ ಎಂಬ ಪದ್ಧತಿ ಇತ್ತು: ಕೊಯ್ಲಾದ ಮೇಲೆ ಒಕ್ಕಲುಗಳ ಹೊಲದಲ್ಲಿ ಮಂದೆ ತರುಬುವ ಹಕ್ಕು ಒಡೆಯನದು. ಗೊಬ್ಬರದ ಲಾಭ ಹೊಲಕ್ಕೆ ಸಿಗುತ್ತಿತ್ತು, ಆದರೆ ಕುರಿ ಎಷ್ಟು, ಎಷ್ಟು ದಿನ ಎಂಬುದು ಒಕ್ಕಲುಗಳ ಕೈಯಲ್ಲಿರಲಿಲ್ಲ. ಉಣ್ಣೆಯ ಬೆಲೆ ಏರಿದಾಗ ಒಡೆಯರು ಗೋಮಾಳದ ಮೇಲೂ ಮಂದೆ ಹೇರಿದರು. 1549ರ ಜುಲೈನಲ್ಲಿ ವಿಂಡಮ್ ಪಟ್ಟಣದಿಂದ ಹೊರಟ ಬಂಡಾಯ, ರಾಬರ್ಟ್ ಕೆಟ್ ನೇತೃತ್ವದಲ್ಲಿ ನಾರಿಚ್ ಹೊರವಲಯದ ಮೌಸ್‌ಹೋಲ್ಡ್ ಬಯಲಿನಲ್ಲಿ ಬೀಡುಬಿಟ್ಟಿತು. ಅವರು ಸಿದ್ಧಪಡಿಸಿದ 29 ಬೇಡಿಕೆಗಳಲ್ಲಿ ಊರ ಒಡೆಯ ಗೋಮಾಳದಲ್ಲಿ ದನಕುರಿ ಮೇಯಿಸಕೂಡದು ಎಂಬುದೂ ಒಂದು. ಬೇಲಿಯ ವಿಷಯ ಬರುವ ಮೊದಲ ಬೇಡಿಕೆಯಲ್ಲೇ, ಈಗಾಗಲೇ ಬೇಲಿ ಹಾಕಿರುವ ಕೇಸರಿ ತೋಟಗಳಿಗೆ ತೊಂದರೆಯಾಗದಿರಲಿ ಎಂಬ ಕೋರಿಕೆಯೂ ಸೇರಿದೆ. ಬಂಡಾಯಗಾರರೆಂದರೆ ಕಂಡ ಬೇಲಿಯನ್ನೆಲ್ಲ ಕಿತ್ತವರು ಎಂಬ ಚಿತ್ರವನ್ನು ಈ ಒಂದು ಸಾಲು ತಿದ್ದುತ್ತದೆ. ಆಗಸ್ಟ್ 27ರಂದು ಡಸಿಂಡೇಲ್‌ನಲ್ಲಿ ಅವರು ಸೋತರು. ಡಿಸೆಂಬರ್‌ನಲ್ಲಿ ಕೆಟ್‌ನನ್ನು ನಾರಿಚ್ ಕೋಟೆಯ ಗೋಡೆಗೆ ನೇತುಹಾಕಿದರು.

ಈಗ ದೊಡ್ಡ ಜಮೀನ್ದಾರರ ಕೀರ್ತಿಯ ಪ್ರಶ್ನೆ. ಶಾಲೆಯ ಪಾಠಗಳಲ್ಲಿ ಇಬ್ಬರ ಹೆಸರು ತಪ್ಪದೆ ಬರುತ್ತದೆ. ರಾಜಕಾರಣದಿಂದ ನಿವೃತ್ತನಾಗಿ 1730ರಲ್ಲಿ ರೇನಮ್‌ಗೆ ಮರಳಿ ಟರ್ನಿಪ್ ಬೆಳೆ ತಂದನೆಂಬ ವೈಕೌಂಟ್ ಟೌನ್‌ಶೆಂಡ್; 1776ರಲ್ಲಿ ಹೋಲ್ಕಮ್ ಎಸ್ಟೇಟಿನ ಒಡೆಯನಾಗಿ, ಒಂದು ಹುಲ್ಲೆಸಳಿಗೆ ಎರಡು ಮೊಲ ಕಾದಾಡುತ್ತಿದ್ದ ನೆಲವನ್ನು ಗೋಧಿಯ ಕಣಜ ಮಾಡಿದನೆಂಬ ಥಾಮಸ್ ವಿಲಿಯಂ ಕೋಕ್. ಗೋಧಿ, ಟರ್ನಿಪ್, ಬಾರ್ಲಿ, ಕ್ಲೋವರ್ ಎಂಬ ನಾಲ್ಕು ವರ್ಷದ ಬೆಳೆ ಸರದಿಗೆ ನಾರ್ಫೋಕ್‌ನ ಹೆಸರೇ ಅಂಟಿದೆ. ಟರ್ನಿಪ್ ಚಳಿಗಾಲದಲ್ಲಿ ಕುರಿಗೆ ಮೇವಾಗುತ್ತದೆ, ಕ್ಲೋವರ್ ಮಣ್ಣಿಗೆ ಸಾರಜನಕ ಕೊಡುತ್ತದೆ, ಹೊಲವನ್ನು ಹಾಳು ಬಿಡಬೇಕಾಗಿಲ್ಲ. ಪದ್ಧತಿ ನಿಜ, ಅದರ ಪ್ರಯೋಜನವೂ ನಿಜ. ಅದನ್ನು ಈ ಇಬ್ಬರ ಲೆಕ್ಕಕ್ಕೆ ಬರೆದದ್ದು ಮಾತ್ರ ಸರಿಯಲ್ಲ. ತೀರಿಕೊಂಡ ರೈತರ ಆಸ್ತಿಪಟ್ಟಿಗಳನ್ನು ಪರಿಶೀಲಿಸಿದ ಚರಿತ್ರಕಾರರು ಹದಿನೇಳನೇ ಶತಮಾನದ ಕೊನೆಯ ಹೊತ್ತಿಗೇ ಸಾಮಾನ್ಯ ರೈತರ ಹೊಲದಲ್ಲಿ ಟರ್ನಿಪ್ ಇದ್ದುದನ್ನು ತೋರಿಸಿದ್ದಾರೆ. ಟೌನ್‌ಶೆಂಡ್ ಆಗಿನ್ನೂ ತರುಣ. ಹೋಲ್ಕಮ್‌ನ ಕಡತಗಳನ್ನು ಓದಿದ ಆರ್. ಎ. ಸಿ. ಪಾರ್ಕರ್ 1950ರ ದಶಕದಲ್ಲಿ ಕೋಕ್‌ನ ಕಥೆಯನ್ನೂ ಅಳತೆಗೆ ತಂದರು. ಸುಧಾರಣೆಗಳಲ್ಲಿ ಹೆಚ್ಚಿನವು ಅವನಿಗಿಂತ ಮೊದಲೇ ಶುರುವಾಗಿದ್ದವು. ಗೇಣಿ ಹತ್ತಿರಹತ್ತಿರ ಹತ್ತು ಪಟ್ಟು ಏರಿತೆಂಬ ಮಾತಿಗೆ ಎದುರಾಗಿ ಲೆಕ್ಕಪುಸ್ತಕ ಹೇಳಿದ ಏರಿಕೆ ಇಮ್ಮಡಿಯ ಆಸುಪಾಸಿನದು. ಅದರಲ್ಲೂ ಫ್ರಾನ್ಸ್ ಜೊತೆಗಿನ ಯುದ್ಧಕಾಲದ ಧಾನ್ಯದ ಬೆಲೆಯ ಪಾಲು ಇದೆ. ಗೇಣಿದಾರರಿಗೆ ದೀರ್ಘಾವಧಿ ಕರಾರು ಕೊಟ್ಟು ಒಳ್ಳೆಯ ಪದ್ಧತಿಗಳಿಗೆ ಪ್ರಚಾರ ಕೊಟ್ಟದ್ದು ಕೋಕ್‌ನ ನಿಜವಾದ ಸಾಧನೆ, ಅದನ್ನು ಕಡೆಗಣಿಸಬೇಕಾಗಿಲ್ಲ. ಹೋಲ್ಕಮ್ ಉದ್ಯಾನದಲ್ಲಿ ಅವನಿಗಾಗಿ ನಿಲ್ಲಿಸಿದ 120 ಅಡಿ ಎತ್ತರದ ಕಂಬದ ನಾಲ್ಕು ಮೂಲೆಗಳಲ್ಲಿ ಎತ್ತು, ಕುರಿ, ಕೂರಿಗೆ, ನೇಗಿಲುಗಳಿವೆ.

ಆ ಕಂಬದ ಮೇಲೆ ಇಲ್ಲದ ಒಂದು ಉಪಕರಣ ಸಲಿಕೆ. ನಾರ್ಫೋಕ್‌ನ ಮರಳು ಮಿಶ್ರಿತ ಹುಳಿಮಣ್ಣಿನಲ್ಲಿ ಕ್ಲೋವರ್ ಆಗಲಿ ಟರ್ನಿಪ್ ಆಗಲಿ ಸರಿಯಾಗಿ ಬರುವುದಿಲ್ಲ. ಮೊದಲು ಸುಣ್ಣದಂಶವಿರುವ ಕೆಳಪದರದ ಮಣ್ಣನ್ನು ಅಗೆದು ತಂದು ಹೊಲಕ್ಕೆ ಹರಡಬೇಕು. ಇದಕ್ಕೆ ಮಾರ್ಲ್ ಹೊಡೆಯುವುದು ಎನ್ನುತ್ತಿದ್ದರು. ಬೇಸಿಗೆಯಲ್ಲಿ ಕೆರೆಗೋಡು ಹೊಡೆದು ಹೊಲವನ್ನು ಹದ ಮಾಡಿದ ನಮ್ಮ ರೈತರಿಗೆ ಆ ಶ್ರಮ ಎಂಥದೆಂದು ಹೇಳಬೇಕಾಗಿಲ್ಲ. ವ್ಯತ್ಯಾಸವೆಂದರೆ ಅಲ್ಲಿ ಗೋಡಿಗೆ ಕೆರೆ ಇರಲಿಲ್ಲ, ಹೊಲದ ನಡುವೆಯೇ ಗುಂಡಿ ತೋಡಬೇಕಿತ್ತು. ನಾರ್ಫೋಕ್‌ನ ಬೇಸಾಯದ ಬಗ್ಗೆ 1787ರಲ್ಲಿ ಪುಸ್ತಕ ಪ್ರಕಟಿಸಿದ ವಿಲಿಯಂ ಮಾರ್ಷಲ್ ಈ ಮಣ್ಣಿಗೆ ವಿಶೇಷ ಗಮನ ಕೊಟ್ಟಿದ್ದಾನೆ. ಗೇಣಿ ಕರಾರುಗಳಲ್ಲೂ ಮಾರ್ಲ್ ಹೊಡೆಯುವ ಷರತ್ತು ಬರುತ್ತದೆ. ಬೆಳೆ ಸರದಿಯನ್ನು ಹೊಗಳುವ ಪುಸ್ತಕಗಳಲ್ಲಿ ಈ ಅಗೆತಕ್ಕೆ ಸಿಗುವುದು ಒಂದೆರಡು ವಾಕ್ಯ. ನನ್ನ ತೀರ್ಪಿನಲ್ಲಿ ಕ್ರಮ ತಿರುಗಬೇಕು: ಮಾರ್ಲ್ ಗುಂಡಿಗಳಿಲ್ಲದೆ ಪಶ್ಚಿಮ ನಾರ್ಫೋಕ್‌ನಲ್ಲಿ ಆ ಸರದಿ ನಿಲ್ಲುತ್ತಲೇ ಇರಲಿಲ್ಲ.

ನೀರು ಬಸಿಯಲೆಂದು ನಡೆದ ಅಗೆತವನ್ನು ಇಲ್ಲಿ ಬೇಗ ಮುಗಿಸುತ್ತೇನೆ, ಏಕೆಂದರೆ ಪಶ್ಚಿಮದಂಚಿನ ಫೆನ್ ಪ್ರದೇಶದ ಕಥೆ ಮೂರು ನಾಲ್ಕು ಕೌಂಟಿಗಳಿಗೆ ಸೇರಿದ್ದು. ಅಲ್ಲಿ ಹಣ ಬೆಡ್‌ಫರ್ಡ್ ಅರ್ಲ್ ಮತ್ತು ಅವನ ಪಾಲುದಾರರದು, ಯೋಜನೆ ಡಚ್ ಎಂಜಿನಿಯರ್ ವರ್ಮುಯ್ಡನ್‌ನದು. 1651ರಲ್ಲಿ ನಾರ್ಫೋಕ್‌ನ ಡೆನ್ವರ್‌ನಲ್ಲಿ ತೂಬಿನ ಕಟ್ಟೆ ಎದ್ದಿತು. ನೀರು ಬಸಿದ ಪೀಟ್ ಒಣಗಿ ಕುಗ್ಗಿತು, ಹೊಲಗಳು ನದಿಗಿಂತ ಕೆಳಗಿಳಿದವು. ಪೂರ್ವದ ಹ್ಯಾಲ್ವರ್‌ಗೇಟ್ ಜೌಗಿನಲ್ಲಿ ಮಾತ್ರ ಕಾಲುವೆ ಮತ್ತು ಗಾಳಿಯಂತ್ರಗಳು ನೆಲವನ್ನು ಹುಲ್ಲುಗಾವಲಾಗಿಯೇ ಉಳಿಸಿದ್ದವು. 1980ರ ದಶಕದಲ್ಲಿ ಅದನ್ನು ಉತ್ತು ಗೋಧಿ ಬೆಳೆಯುವ ಪ್ರಯತ್ನ ಶುರುವಾದಾಗ ದೇಶದಾದ್ಯಂತ ಚರ್ಚೆ ಎದ್ದಿತು. ಹುಲ್ಲುಗಾವಲನ್ನು ಹುಲ್ಲುಗಾವಲಾಗಿ ಉಳಿಸಿದ ರೈತನಿಗೆ ಹಣ ಕೊಡುವ ಯೋಜನೆ 1985ರಲ್ಲಿ ಇಲ್ಲೇ ಪ್ರಯೋಗವಾಗಿ, ಎರಡು ವರ್ಷದಲ್ಲಿ ದೇಶದ ಬೇರೆ ಭಾಗಗಳಿಗೂ ಹಬ್ಬಿತು.

ಎರಡನೇ ಮಹಾಯುದ್ಧದ ನಂತರದ ಕೃಷಿ ಗುಂಡಿಗಳನ್ನು ಎರಡು ರೀತಿಯಲ್ಲಿ ಕೆಡಿಸಿತು. ಬ್ರಾಡ್‌ಗಳಿಗೆ ಚರಂಡಿ ಸಂಸ್ಕರಣಾ ಘಟಕಗಳಿಂದ ರಂಜಕ, ಹೊಲಗಳಿಂದ ಗೊಬ್ಬರದ ಅಂಶ ಹರಿದು ಪಾಚಿ ಹಬ್ಬಿತು, ನೀರೊಳಗಿನ ಸಸ್ಯಗಳು ಸತ್ತವು. 1995ರಿಂದ ಬಾರ್ಟನ್ ಬ್ರಾಡ್‌ನ ಕೆಸರನ್ನು ಯಂತ್ರದಿಂದ ಹೀರಿ ತೆಗೆಯಬೇಕಾಯಿತು. ಹೊಲಗಳಲ್ಲಿ, ಯಂತ್ರಗಳಿಗೆ ಅಡ್ಡವೆಂದು ಕೌಂಟಿಯ ಬೇಲಿಸಾಲುಗಳಲ್ಲಿ ಅರ್ಧದಷ್ಟನ್ನು ಕಿತ್ತರು, ಅದರ ಜೊತೆಗೆ ನೀರು ತುಂಬಿ ಕೊಳಗಳಾಗಿದ್ದ ಮಾರ್ಲ್ ಗುಂಡಿಗಳನ್ನೂ ಮುಚ್ಚಿದರು. ಹಾಗಿದ್ದೂ ಇಪ್ಪತ್ತು ಸಾವಿರಕ್ಕೂ ಹೆಚ್ಚು ಕೊಳಗಳು ಉಳಿದಿವೆ. ಇಂಗ್ಲೆಂಡಿನ ಬೇರೆ ಯಾವ ಕೌಂಟಿಯಲ್ಲೂ ಇಷ್ಟಿಲ್ಲ. ಮುಚ್ಚಿಹೋದವನ್ನು ಯೂನಿವರ್ಸಿಟಿ ಕಾಲೇಜ್ ಲಂಡನ್ನಿನ ಕಾರ್ಲ್ ಸೇಯರ್ ಮತ್ತು ಸಹೋದ್ಯೋಗಿಗಳು ಹಳೆಯ ನಕ್ಷೆ ನೋಡಿ ಪತ್ತೆಹಚ್ಚಿ ಮತ್ತೆ ಅಗೆಸಿದಾಗ, ನೂರೈವತ್ತು ವರ್ಷದಷ್ಟು ಹಿಂದೆ ಹೂತುಹೋದ ಕೆಸರಿನಲ್ಲಿ ಜಲಸಸ್ಯಗಳ ಬೀಜಗಳು ಇನ್ನೂ ಜೀವಂತವಾಗಿದ್ದವು, ಮೊಳೆತವು. ಈ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ನಾರ್ಫೋಕ್ ಕೊಳಗಳ ಯೋಜನೆ ಎಂಬ ಹೆಸರಿನಲ್ಲಿ 2014ರಿಂದ ಅಲ್ಲಿನ ರೈತರ ಸಹಕಾರದಿಂದ ಹಳೆಯ ಮಾರ್ಲ್ ಗುಂಡಿಗಳ ಹೂಳೆತ್ತುವ ಕೆಲಸ ನಡೆದಿದೆ.